ಪೊಸಡಿಗುಂಪೆಯ ಹಾದಿಯಲ್ಲಿ ನಾಲ್ವರು

ಬಂದ್ಯೋಡಿನಲ್ಲಿ ಹೆದ್ದಾರಿಯನ್ನು ಬಿಟ್ಟು ಮೂಡಣಕ್ಕೆ ತಿರುಗಿದ ಬಸ್ಸು ಧರ್ಮತ್ತಡ್ಕದತ್ತ ಸಾಗಿದಂತೆ ಕಡಲಗಾಳಿ ಹಿಂದುಳಿಯುತ್ತದೆ. ಅಡಿಕೆ ತೋಟಗಳ ತಂಪು ಎದುರಾಗುತ್ತದೆ. ಆ ಹಸುರಿನ ನಡುವೆ ಮರಗಳಿಲ್ಲದ ಬೋಳುನೆತ್ತಿಯನ್ನು ಎತ್ತಿ ನಿಂತಿರುವುದು ಪೊಸಡಿಗುಂಪೆ. ಸಾವಿರ ಅಡಿಗಿಂತ ತುಸು ಎತ್ತರದ ಈ ಗುಡ್ಡ ಘಟ್ಟದ ಶಿಖರಗಳೆದುರು ಬಾಲಕನಂತೆ ಕಂಡರೂ, ನೆತ್ತಿಯ ಮೇಲೆ ನಿಂತವನಿಗೆ ಪಡುವಣದಲ್ಲಿ ಅರಬ್ಬಿ ಸಮುದ್ರದ ಬೆಳ್ಳಿಗೆರೆಯನ್ನೂ ಮೂಡಣದಲ್ಲಿ ಘಟ್ಟಗಳ ನೀಲಿಸಾಲನ್ನೂ ಒಮ್ಮೆಗೇ ತೋರಿಸುವಷ್ಟು ಉದಾರವಾಗಿದೆ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಕನ್ನಡ ಶಾಲೆಗಳಲ್ಲಿ ಕಲಿತವರಲ್ಲಿ ಒಮ್ಮೆಯಾದರೂ ಈ ಗುಡ್ಡವನ್ನು ಹತ್ತದವರು ವಿರಳ.

ತುಲಾ ತಿಂಗಳ ಆರಂಭದ ಒಂದು ಭಾನುವಾರ ನಾನು ಅಲ್ಲಿಗೆ ಹೋದದ್ದು ವಿಹಾರಕ್ಕಲ್ಲ. ನನ್ನ ಮಗಳು ಕಲಿಯುವ ಶಾಲೆಯ ವ್ಯಾಯಾಮ ಶಿಕ್ಷಕರು ಹದಿನೈದು ದಿನ ಹಿಂದೆ ನನ್ನ ಕಚೇರಿಗೆ ಬಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟಿದ್ದರು. ನವೆಂಬರ್ ಮೊದಲ ವಾರದಲ್ಲಿ ಅಂತರಶಾಲಾ ಸಾಹಸ ಓಟ. ತಂಡಕ್ಕೆ ನಾಲ್ವರು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಮೊದಲು ಗುಡ್ಡ ಹತ್ತಿ ಇಳಿಯುವುದು, ಆಮೇಲೆ ಹನ್ನೆರಡು ಕಿಲೋಮೀಟರು ಸೈಕಲ್, ಕೊನೆಗೆ ಲಾರಿಯ ಟ್ಯೂಬುಗಳಿಂದ ಕಟ್ಟಿದ ತೆಪ್ಪದಲ್ಲಿ ಶಿರಿಯ ಹೊಳೆಯನ್ನು ದಾಟುವುದು. ಬೆಳಿಗ್ಗೆ ಹತ್ತಕ್ಕೆ ಆರಂಭ, ಸಂಜೆ ನಾಲ್ಕಕ್ಕೆ ಮುಕ್ತಾಯ.

“ವಕೀಲರೇ, ತಂದೆತಾಯಿಯವರಿಂದ ಸಹಿ ಹಾಕಿಸಿಕೊಳ್ಳಲಿಕ್ಕೆ ಒಂದು ಒಪ್ಪಿಗೆ ಪತ್ರ ಬೇಕಿತ್ತು. ಏನಾದರೂ ಆದರೆ ಶಾಲೆ ಜವಾಬ್ದಾರಿಯಲ್ಲ ಅಂತ ಒಂದು ವಾಕ್ಯ ಇದ್ದರೆ ಸಾಕು” ಎಂದರು.

ಬರೆಯಬೇಕಾದವನೂ ನಾನೇ, ತಂದೆಯಾಗಿ ಸಹಿ ಹಾಕಬೇಕಾದವನೂ ನಾನೇ. ಮಗಳ ಹೆಸರು ಆಗಲೇ ತಂಡದ ಪಟ್ಟಿಯಲ್ಲಿತ್ತು. “ಮಾಷ್ಟ್ರೇ, ಬರೆಯುವ ಮೊದಲು ದಾರಿಯನ್ನು ಒಮ್ಮೆ ನಡೆದು ನೋಡುವ” ಎಂದೆ. ಹಾಗಾಗಿ ಆ ಭಾನುವಾರ ಮಾಷ್ಟ್ರು, ನಾನು, ನಾಲ್ವರು ಮಕ್ಕಳು ಗುಡ್ಡದ ಬುಡದಲ್ಲಿ ನಿಂತಿದ್ದೆವು.

ಸಾಹಸ ಓಟವೆಂಬ ಈ ಕ್ರೀಡೆ ಇಂದಿನ ರೂಪಕ್ಕೆ ಬಂದದ್ದು ತೀರ ಇತ್ತೀಚೆಗೆ. 1989ರಲ್ಲಿ ನ್ಯೂಜಿಲೆಂಡಿನಲ್ಲಿ ನಡೆದ ‘ರೇಡ್ ಗೊಲ್ವಾಸ್’ ಎಂಬ ಫ್ರೆಂಚ್ ಸ್ಪರ್ಧೆಯಿಂದ ಅದರ ಹೆಸರು ಹರಡಿತು. 2019ರಲ್ಲಿ ಫಿಜಿ ದ್ವೀಪಗಳಲ್ಲಿ ನಡೆದ ‘ಇಕೋ ಚಾಲೆಂಜ್’ ಓಟದಲ್ಲಿ 30 ದೇಶಗಳ 66 ತಂಡಗಳು ಹನ್ನೊಂದು ದಿನಗಳ ಗಡುವಿನಲ್ಲಿ 671 ಕಿಲೋಮೀಟರುಗಳ ಕಾಡು, ಕಡಲು, ಕಣಿವೆಗಳನ್ನು ಎದುರಿಸಿದವು. ಎವರೆಸ್ಟ್ ಏರಿದ ಅವಳಿ ಸೋದರಿಯರಾದ ತಾಶಿ ಮತ್ತು ನುಂಗ್ಶಿ ಮಲಿಕ್ ಅವರ ಭಾರತೀಯ ತಂಡವೂ ಅಲ್ಲಿತ್ತು. ಅದರ ಚಿತ್ರಣವನ್ನು ಕಂಡ ಮೇಲೆಯೇ ನಮ್ಮ ಮಕ್ಕಳಿಗೆ ಈ ಹಂಬಲ ಹತ್ತಿದ್ದು. ಅವರು ಅಲ್ಲಿ ಕಂಡದ್ದು ಕೆಸರು, ಜಲಪಾತ, ಹಗ್ಗ. ಕಾಣದೆ ಹೋದದ್ದು ನಿಯಮಗಳ ಪುಸ್ತಕ.

ಆ ಪುಸ್ತಕದ ಮೂಲಸೂತ್ರ ಇಷ್ಟೇ: ತಂಡ ಒಡೆಯಬಾರದು. ನಾಲ್ವರಲ್ಲಿ ಮೂವರು ಗುರಿ ಮುಟ್ಟಿದರೆ ಅದು ಮುಟ್ಟಿದ ಲೆಕ್ಕವಲ್ಲ. ಮುಂದಿನವನೂ ಹಿಂದಿನವನೂ ಒಬ್ಬರಿಗೊಬ್ಬರು ಕಣ್ಣಳತೆ, ಕೂಗಳತೆಯೊಳಗೇ ಇರಬೇಕು. ಎಲ್ಲರಿಗಿಂತ ನಿಧಾನಿಯ ನಡಿಗೆಯೇ ತಂಡದ ವೇಗ. ನಮ್ಮ ಶಾಲೆಗಳ ಓಟದ ಪಂದ್ಯಗಳಲ್ಲಿ ಒಬ್ಬನು ಮುಂದೆ ಓಡಿದರೆ ಚಪ್ಪಾಳೆ. ಇಲ್ಲಿ ಅದೇ ತಪ್ಪು.

ಈ ಸೂತ್ರವನ್ನು ನಾನು ಹೊರಡುವ ಮೊದಲು ಮಕ್ಕಳಿಗೆ ಓದಿ ಹೇಳಿದ್ದೆ. ಅವರು ತಲೆಯಾಡಿಸಿದ್ದರು. ಅರ್ಧ ಗಂಟೆಯಲ್ಲಿ ಮರೆತೂ ಬಿಟ್ಟರು.

ದಾರಿ ಆರಂಭದಲ್ಲಿ ಮುರಕಲ್ಲಿನ ಮೇಲೆ ಸಾಗುತ್ತದೆ. ಮಳೆಗಾಲ ಮುಗಿದ ಹೊತ್ತು. ಕಲ್ಲಿನ ಮೇಲೆ ಪಾಚಿ ಇನ್ನೂ ಒಣಗಿರಲಿಲ್ಲ. ನಾಯಕನೆನಿಸಿದ ಹುಡುಗ ನಕ್ಷೆಯನ್ನು ಹಿಡಿದು ಇನ್ನೊಬ್ಬನೊಡನೆ ಮುಂದೆ ಸರಿದ. ಮಾಷ್ಟ್ರು ಅವರ ಬೆನ್ನು ಹತ್ತಿದರು. ನನಗೆ ಮೊಣಕಾಲಿನ ಹಳೆಯ ನೋವು; ಹಿಂದಿದ್ದೆ. ಹುಡುಗಿಯರಿಬ್ಬರು ನಡುವೆ ಇದ್ದರು ಎಂದು ನಾನು ತಿಳಿದಿದ್ದೆ, ತಮ್ಮ ಹಿಂದೆಯೇ ಇದ್ದಾರೆಂದು ಮಾಷ್ಟ್ರು ತಿಳಿದಿದ್ದರು. ದಾರಿ ಕವಲೊಡೆಯುವಲ್ಲಿ ನಾನು ಬಂದು ತಲುಪಿದಾಗ ಎದುರಿನಿಂದ ಇಳಿದು ಬಂದ ಮಾಷ್ಟ್ರು ಕೇಳಿದರು: “ಹುಡುಗಿಯರು ನಿಮ್ಮ ಒಟ್ಟಿಗೆ ಇಲ್ಲವಾ?”

ಎಡಗವಲಿನ ಕೊನೆಯಲ್ಲಿ ಕೆಂಪುಕಲ್ಲಿನ ಹಳೆಯ ಕೋರೆಯೊಂದಿದೆಯೆಂದು ನನಗೆ ಗೊತ್ತಿತ್ತು. ಕಲ್ಲು ಕಡಿದು ಬಿಟ್ಟ ಕೋರೆಗಳು ಮಳೆಗಾಲದಲ್ಲಿ ತುಂಬಿ, ಗೋಡೆಯಂತೆ ನೇರವಾದ ಅಂಚಿನ ಕೊಳಗಳಾಗುತ್ತವೆ. ಬೇಲಿಯಿಲ್ಲ, ಫಲಕವಿಲ್ಲ, ಇಳಿದವನಿಗೆ ಹತ್ತಿ ಬರಲು ಹಿಡಿತವಿಲ್ಲ. ಕೂಗಿದೆವು. ಗಾಳಿ ನಮ್ಮ ಕೂಗನ್ನು ಹಿಂದಕ್ಕೇ ತಂದಿತು. ಹತ್ತು ನಿಮಿಷ ಕಳೆದಿರಬೇಕು. ನ್ಯಾಯಾಲಯದಲ್ಲಿ ತೀರ್ಪಿಗಾಗಿ ಕಾದ ಯಾವ ಗಳಿಗೆಯೂ ನನಗೆ ಅಷ್ಟು ದೀರ್ಘವೆನಿಸಿದ್ದಿಲ್ಲ. ಕೋರೆಯ ಅಂಚಿನಲ್ಲಿ ಇಬ್ಬರೂ ಕುಳಿತಿದ್ದರು. ಜತೆಗಾತಿ ಪಾಚಿಯ ಮೇಲೆ ಜಾರಿ ಮಂಡಿ ತರಚಿಕೊಂಡಿದ್ದಳು. ನನ್ನ ಮಗಳು ಒಂದು ಕೈಯಿಂದ ಹುಲ್ಲನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕರವಸ್ತ್ರವನ್ನು ಕೋರೆಯ ನೀರಿಗೆ ಅದ್ದಲು ಬಾಗಿದ್ದಳು.

“ಗಾಯ ತೊಳೆಯಲಿಕ್ಕೆ ಅಪ್ಪಾ” ಎಂದಳು.

ನಾನು ಗದರಲಿಲ್ಲ. ಗದರಿಕೆಗೆ ಅರ್ಹರಾದವರು ಮಕ್ಕಳಾಗಿರಲಿಲ್ಲ. ಆರು ಮಂದಿಯ ನಡುವೆ ನಮ್ಮಲ್ಲಿ ಒಂದೇ ಒಂದು ಸೀಟಿ ಇರಲಿಲ್ಲ. ಗಾಯ ತೊಳೆಯಲು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಲಿಲ್ಲ. ಕೋರೆಯ ಇರವನ್ನು ಬಲ್ಲ ನಾನು ಅದನ್ನು ನಕ್ಷೆಯಲ್ಲಿ ಗುರುತಿಸಿರಲಿಲ್ಲ. ಸೀಟಿಗೆ ಐವತ್ತು ರೂಪಾಯಿಯೂ ಆಗದು. ಪರ್ವತಪ್ರದೇಶಗಳಲ್ಲಿ ಒಪ್ಪಿತವಾದ ಸಂಕೇತವೊಂದಿದೆ: ನಿಮಿಷಕ್ಕೆ ಆರು ಬಾರಿ ಊದುವುದು, ಒಂದು ನಿಮಿಷ ನಿಲ್ಲಿಸುವುದು, ಮತ್ತೆ ಆರು. ಕೇಳಿದವರು ನಿಮಿಷಕ್ಕೆ ಮೂರು ಬಾರಿ ಊದಿ ಉತ್ತರ ಕೊಡಬೇಕು. ಗಂಟಲು ಸೋತರೂ ಸೀಟಿ ಸೋಲದು.

ಕೋರೆಯ ನೀರಿನ ವಿಷಯವನ್ನು ಇನ್ನಷ್ಟು ಹೇಳಬೇಕಾಗಿದೆ. 2000ದ ಇಸವಿಯ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬೋರ್ನಿಯೋ ದ್ವೀಪದ ಮಲೇಷ್ಯಾಕ್ಕೆ ಸೇರಿದ ಸಬಾ ಪ್ರಾಂತದಲ್ಲಿ ಇದೇ ‘ಇಕೋ ಚಾಲೆಂಜ್’ ನಡೆಯಿತು. 26 ದೇಶಗಳ 304 ಸ್ಪರ್ಧಿಗಳು. ಓಟ ಮುಗಿದು ಊರು ಸೇರಿದ ಮೇಲೆ ಒಬ್ಬೊಬ್ಬರಾಗಿ ಜ್ವರದಿಂದ ಮಲಗಿದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 189 ಮಂದಿಯನ್ನು ಸಂಪರ್ಕಿಸಿದಾಗ ಅವರಲ್ಲಿ 80 ಮಂದಿಗೆ ಆ ಜ್ವರದ ಲಕ್ಷಣಗಳಿದ್ದವು. 29 ಮಂದಿ ಆಸ್ಪತ್ರೆ ಸೇರಿದ್ದರು. ಯಾರೂ ಸಾಯಲಿಲ್ಲ. ಕಾರಣ ಸೆಗಾಮ ಎಂಬ ನದಿಯ ನೀರು. ರೋಗ ನಮಗೆ ಪರಿಚಿತವಾದ ಇಲಿಜ್ವರ. ತರಚುಗಾಯದ ಮೂಲಕ ಅದು ಒಳನುಗ್ಗುತ್ತದೆಂಬುದನ್ನು ಗದ್ದೆಯ ಕೆಸರಿಗಿಳಿಯುವ ನಮ್ಮ ಹಿರಿಯರಿಗೆ ಆರೋಗ್ಯ ಕಾರ್ಯಕರ್ತೆಯರು ಪ್ರತಿ ಮಳೆಗಾಲದಲ್ಲೂ ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಕೇರಳವು ನಿಂತ ನೀರಿನಿಂದ ಮೂಗಿನ ಮೂಲಕ ಮೆದುಳನ್ನು ಸೇರುವ ಅಮೀಬಾದ ಭಯವನ್ನೂ ಕಂಡಿದೆ. ಆದುದರಿಂದ ಗಾಯವಿದ್ದವರು ಕೆರೆ, ಕೋರೆ, ಹೊಳೆಗೆ ಇಳಿಯಬಾರದು; ಕುಡಿಯುವ ನೀರಿನಿಂದಲೇ ಗಾಯ ತೊಳೆಯಬೇಕು; ನೀರಿಗಿಳಿದವರಿಗೆ ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ ಬಂದರೆ ನೀರಿಗಿಳಿದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು.

ಕುಡಿಯುವ ನೀರಿನ ಅರ್ಧ ಸೀಸೆಯನ್ನು ಮಂಡಿಗೆ ಸುರಿದು ಮತ್ತೆ ಹತ್ತಿದೆವು. ಈ ಸಲ ಮಂಡಿ ತರಚಿದವಳೇ ಮುಂದೆ. ನಾಯಕನು ಹೇಳದೆಯೇ ನಕ್ಷೆಯನ್ನು ಅವಳ ಕೈಗೆ ಕೊಟ್ಟು ಹಿಂದೆ ಬಂದ.

ನೆತ್ತಿಯನ್ನು ಮುಟ್ಟಿದಾಗ ಹನ್ನೆರಡೂವರೆ. ಹುಲ್ಲು ಇನ್ನೂ ಹಸುರಾಗಿತ್ತು. ಗಾಳಿ ಅದರ ಮೇಲೆ ಅಲೆಯೆಬ್ಬಿಸುತ್ತಿತ್ತು. ಮಕ್ಕಳು ಕಡಲನ್ನು ನೋಡುತ್ತಿದ್ದರು, ನಾನು ಘಟ್ಟವನ್ನು. ಬೆಳಿಗ್ಗೆ ಸ್ವಚ್ಛವಾಗಿದ್ದ ಆ ಸಾಲಿನ ಮೇಲೆ ಮೋಡಗಳು ಹೂಕೋಸಿನಂತೆ ಅರಳುತ್ತಿದ್ದವು. ತುಲಾ ತಿಂಗಳ ಮಳೆಯ ಸ್ವಭಾವವನ್ನು ನಮ್ಮವರಾರಿಗೂ ಬೇರೆ ಹೇಳಬೇಕಿಲ್ಲ: ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ಮೇಲೆ ಗುಡುಗು, ಸಿಡಿಲು. ಮರವೊಂದೂ ಇಲ್ಲದ ಬೋಳುಗುಡ್ಡದಲ್ಲಿ ಅತಿ ಎತ್ತರದ ವಸ್ತು ಮನುಷ್ಯನೇ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲಿನ ವ್ಯಾಪ್ತಿಯೊಳಗೆ ಇದ್ದೇವೆಂದೇ ತಿಳಿಯಬೇಕು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಳೆಯುವ ತನಕ ಹೊರಗೆ ಬರಬಾರದು. ನಮ್ಮ ವೇಳಾಪಟ್ಟಿಯಂತೆ ಹತ್ತಕ್ಕೆ ಹೊರಟ ತಂಡಗಳಲ್ಲಿ ಹಿಂದುಳಿದವು ಗುಡ್ಡದ ಮೇಲಿರುವುದು ಸರಿಯಾಗಿ ಸಿಡಿಲಿನ ಹೊತ್ತಿಗೆ. ಮಾಷ್ಟ್ರು ತಮ್ಮ ಕಾಗದವನ್ನು ತೆಗೆದು ‘ಹತ್ತು ಗಂಟೆ’ ಎಂಬುದರ ಮೇಲೆ ಗೀಟು ಎಳೆದರು.

ಹಾಗಾದರೆ ಮಳೆ ಪೂರ್ತಿ ಬಿಟ್ಟ ಮೇಲೆ, ಮಾರ್ಚ್‌ನಲ್ಲಿ ನಡೆಸಬಹುದಲ್ಲ ಎಂದು ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿಯ ಬೆಟ್ಟದಲ್ಲಿ ಚಾರಣದಿಂದ ಇಳಿಯುತ್ತಿದ್ದವರನ್ನು ಕಾಳ್ಗಿಚ್ಚು ಸುತ್ತಿಕೊಂಡಿತು. ಒಣಹುಲ್ಲಿನ ಇಳಿಜಾರು, ಗಾಳಿ, ದಾರಿ ತಿಳಿಯದ ಓಟ. ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅದಾದ ಮೇಲೆ ತಮಿಳುನಾಡು ಸರಕಾರ ಚಾರಣಕ್ಕೆಂದೇ ನಿಯಮಾವಳಿಯನ್ನು ತಂದಿತು. ಬೆಂಕಿ ಹುಲ್ಲಿನ ಇಳಿಜಾರನ್ನು ಮೇಲ್ಮುಖವಾಗಿ ಏರುವಾಗ ಮನುಷ್ಯನ ಓಟಕ್ಕಿಂತ ವೇಗವಾಗಿರುತ್ತದೆ. ನಮ್ಮ ಗುಡ್ಡವೂ ಬೇಸಿಗೆಯಲ್ಲಿ ಅಂಥದೇ ಒಣಹುಲ್ಲಿನ ರಾಶಿ. ಸಿಡಿಲಿನ ಕಾಲ ಮುಗಿದು, ಹುಲ್ಲು ಒಣಗುವ ಮೊದಲಿನ ಕಿರಿದಾದ ಕಾಲಾವಕಾಶ ನಮಗಿರುವುದು ಡಿಸೆಂಬರ್‌ನಲ್ಲಿ ಮಾತ್ರ.

ಇಳಿಯುವಾಗಲೇ ಮೊದಲ ಗುಡುಗು ಕೇಳಿಸಿತು. ಬುಡದ ತೋಟದ ಮನೆಯೊಂದರ ಜಗಲಿಯನ್ನು ಸೇರುವಷ್ಟರಲ್ಲಿ ಮಳೆ ಸುರಿಯಿತು. ಮನೆಯ ಅಜ್ಜ ಮಕ್ಕಳಿಗೆ ಬೆಲ್ಲ, ನೀರು ತಂದುಕೊಟ್ಟರು. ಆ ನೀರು ಅವರ ಸುರಂಗದ್ದು. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಳಗಿನ ಒಸರನ್ನು ಬಾಗಿಲಿಗೆ ಹರಿಸಿಕೊಳ್ಳುವ ಈ ಸುರಂಗಗಳು ನಮ್ಮ ಸೀಮೆಯ ಹೆಮ್ಮೆ. ಒಳಗೆ ಹೋಗಿ ನೋಡಬಹುದೇ ಎಂದು ಮಕ್ಕಳು ಕೇಳಿದಾಗ ಅಜ್ಜ ನಕ್ಕರು: “ಅಗೆದವರೇ ದೀಪ ಹಿಡಿದು, ದೀಪ ನಂದಿದರೆ ಹಿಂದೆ ಬರ್ತಿದ್ದರು ಮಕ್ಕಳೇ. ನಿಮಗೆ ಬೇಡ.” ದೀಪ ನಂದುವಲ್ಲಿ ಉಸಿರೂ ಸಾಲದು; ನಿಯಮಪುಸ್ತಕವನ್ನು ಓದದ ಅಜ್ಜನಿಗೆ ಅದರ ಸಾರ ತಿಳಿದಿತ್ತು.

ಹೊಳೆ ದಾಟುವ ಸಂಗತಿಯನ್ನು ಮಾಷ್ಟ್ರು ಅವರ ಮುಂದಿಟ್ಟರು. “ಈಗ ಹೊಳೆಯಲ್ಲಿ ಎಳೆತ ಉಂಟು. ಮೇಲೆ ನೋಡಿದರೆ ಸುಮ್ಮನೆ ಇದ್ದ ಹಾಗೆ ಕಾಣ್ತದೆ. ಘಟ್ಟದ ಬದಿಗೆ ಮಳೆ ಬಂದರೆ ಇಲ್ಲಿ ಬಿಸಿಲಿದ್ದರೂ ನೀರು ಏರ್ತದೆ. ಕಟ್ಟ ಕಟ್ಟಿದ ಮೇಲಾದರೆ ನೀರು ನಿಲ್ತದೆ, ಆದರೆ ಆಗ ಆಳ ಜಾಸ್ತಿ” ಎಂದರು. ಮಳೆಗಾಲ ಮುಗಿದ ಮೇಲೆ ಹೊಳೆ, ತೋಡುಗಳಿಗೆ ಅಡ್ಡಲಾಗಿ ಊರವರೇ ಸೇರಿ ಕಲ್ಲು, ಮಣ್ಣುಗಳಿಂದ ಕಟ್ಟುವ ಕಟ್ಟಗಳ ಮಾತು ಅದು. ಈಜು ಬಲ್ಲ ಮಕ್ಕಳು ಎಷ್ಟು ಮಂದಿ? ಜೀವರಕ್ಷಕ ಅಂಗಿಗಳು ಎಷ್ಟಿವೆ? ನೀರಿನಿಂದ ಎತ್ತಲು ತರಬೇತಾದವರು ಯಾರು? ಮೂರು ಪ್ರಶ್ನೆಗಳಿಗೂ ಮಾಷ್ಟ್ರ ಬಳಿ ಉತ್ತರವಿರಲಿಲ್ಲ. ಅವರು ಅದನ್ನು ಮುಚ್ಚಿಡಲೂ ಇಲ್ಲ.

ಮಳೆ ನಿಲ್ಲುವ ತನಕ ಜಗಲಿಯಲ್ಲಿ ಕುಳಿತು ನಾನು ಅವರಿಗೆ ಒಂದು ನದಿಯ ಕತೆಯನ್ನು ಹೇಳಿದೆ. 1995ರ ಮೇ ತಿಂಗಳಲ್ಲಿ ಉತ್ತರ ಭಾರತದ ಶಾಲೆಯೊಂದು ಮಕ್ಕಳನ್ನು ಬಿಯಾಸ್ ನದಿಯ ದಡಕ್ಕೆ ವಿಹಾರಕ್ಕೆ ಕರೆದೊಯ್ದಿತು. 14 ಮಕ್ಕಳು ಮುಳುಗಿದರು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರತಿ ಮಗುವಿನ ತಂದೆತಾಯಿಗೆ 5 ಲಕ್ಷ ರೂಪಾಯಿಗಳ ಪರಿಹಾರವನ್ನು ಎತ್ತಿಹಿಡಿಯಿತು. ಅದೇ ನದಿ, 2014ರ ಜೂನ್ 8: ಮಂಡಿ ಜಿಲ್ಲೆಯ ಥಲೌಟ್ ಎಂಬಲ್ಲಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂಡೆಗಳ ಮೇಲೆ ನಿಂತಿದ್ದಾಗ ಮೇಲಿನ ಲಾರ್ಜಿ ಅಣೆಕಟ್ಟಿನಿಂದ ನೀರು ಬಿಡಲಾಯಿತು. ಹಿಮಾಚಲದ ಉಚ್ಚ ನ್ಯಾಯಾಲಯವು 2016ರಲ್ಲಿ ತಲಾ 20 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿದಾಗ ಹೊಣೆಯನ್ನು ವಿದ್ಯುತ್ ಮಂಡಳಿಯ ಮೇಲೆ ಮಾತ್ರವಲ್ಲ, ಕಾಲೇಜಿನ ಮೇಲೂ ಹೊರಿಸಿತು. ತಂದೆತಾಯಿಗಳ ಕಣ್ಣಿನಿಂದ ದೂರವಾದ ಮಗುವಿಗೆ ಶಾಲೆಯೇ ತಂದೆತಾಯಿ.

“ಹಾಗಾದರೆ ಒಪ್ಪಿಗೆ ಪತ್ರದಿಂದ ಪ್ರಯೋಜನವೇ ಇಲ್ಲವಾ?” ಎಂದು ಮಾಷ್ಟ್ರು ಕೇಳಿದರು.

ಓದುಗರಾದ ತಂದೆತಾಯಂದಿರಿಗೂ ಇದೇ ಸಂಶಯವಿರಬಹುದು. 1872ರ ಭಾರತೀಯ ಕರಾರು ಕಾಯಿದೆಯಂತೆ ಅಪ್ರಾಪ್ತ ವಯಸ್ಕನಿಗೆ ಕರಾರು ಮಾಡುವ ಅರ್ಹತೆಯಿಲ್ಲ. ಮಗುವಿನ ಜೀವರಕ್ಷಣೆಯ ಹೊಣೆಯನ್ನು ತಂದೆಯ ಒಂದು ಸಹಿಯಿಂದ ತೊಡೆದು ಹಾಕಲಾಗದು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಐದು ವರ್ಷಗಳ ತನಕದ ಸೆರೆವಾಸವನ್ನು ಹೇಳುತ್ತದೆ. ಅದನ್ನು ಯಾವ ಕಾಗದವೂ ತಡೆಯದು. ‘ಏನಾದರೂ ಆದರೆ ನಾವು ಜವಾಬ್ದಾರರಲ್ಲ’ ಎಂಬ ವಾಕ್ಯ ಶಾಲೆಯನ್ನು ಕಾಯುವುದಿಲ್ಲ, ಮಗುವನ್ನಂತೂ ಕಾಯುವುದೇ ಇಲ್ಲ. ಅದು ಮಾಡುವ ಕೆಲಸ ಒಂದೇ: ಎಲ್ಲರನ್ನೂ ನಿಶ್ಚಿಂತರನ್ನಾಗಿಸುವುದು.

ಹಾಗೆಂದು ಹೆದರಿ ಮಕ್ಕಳನ್ನು ಮನೆಯೊಳಗೆ ಕೂರಿಸುವುದೂ ಪರಿಹಾರವಲ್ಲ. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ಕಯಾಕ್ ದೋಣಿಗಳಲ್ಲಿ ಹೊರಟ ಶಾಲಾಮಕ್ಕಳಲ್ಲಿ ನಾಲ್ವರು ತಣ್ಣೀರಿನಲ್ಲಿ ಮಡಿದರು. ಸುರಕ್ಷೆಯ ಕೊರತೆಯನ್ನು ಹಿಂದಿನ ವರ್ಷವೇ ಇಬ್ಬರು ತರಬೇತುದಾರರು ಪತ್ರ ಬರೆದು ಎಚ್ಚರಿಸಿದ್ದರು. ಆ ದೇಶ ಮಕ್ಕಳ ಸಾಹಸಕ್ರೀಡೆಯನ್ನು ನಿಷೇಧಿಸಲಿಲ್ಲ. 1995ರಲ್ಲಿ ಕಾಯಿದೆ ಮಾಡಿ, ಪರವಾನಿಗೆಯಿಲ್ಲದೆ ಅದನ್ನು ನಡೆಸಕೂಡದೆಂದಿತು. ನಿಯಮವೆಂಬುದು ಸಾಹಸದ ವೈರಿಯಲ್ಲ. ಮರಳಿ ಮನೆಗೆ ಬರುವ ದಾರಿ.

ಅಂದು ರಾತ್ರಿ ನಾನು ಮಾಷ್ಟ್ರ ಒಂದು ವಾಕ್ಯದ ಬದಲು ಎರಡು ಪುಟಗಳನ್ನು ಬರೆದೆ. ಮೊದಲ ಪುಟ ಶಾಲೆಯ ಮಾತು. ಓಟ ಡಿಸೆಂಬರ್ ರಜೆಯಲ್ಲಿ; ಬೆಳಿಗ್ಗೆ ಏಳಕ್ಕೆ ಆರಂಭ, ಹನ್ನೆರಡಕ್ಕೆ ಕಡ್ಡಾಯ ಮುಕ್ತಾಯ; ಒಂಬತ್ತೂವರೆಯೊಳಗೆ ನೆತ್ತಿಯನ್ನು ಮುಟ್ಟದ ತಂಡ ಅಲ್ಲಿಂದಲೇ ಹಿಂದಿರುಗಬೇಕು, ಅದು ಸೋಲಲ್ಲ. ಈ ವರ್ಷ ಹೊಳೆಯಿಲ್ಲ; ಸೇತುವೆಯ ಮೇಲೆ ಸೈಕಲ್ ಮಾತ್ರ, ತಲೆಗೆ ಹೆಲ್ಮೆಟ್ ಕಡ್ಡಾಯ. ಕೋರೆಗಳ ಸುತ್ತ ಕೆಂಪು ಹಗ್ಗ, ಪ್ರತಿ ಕವಲಿನಲ್ಲಿ ಒಬ್ಬ ಹಿರಿಯ. ಪ್ರತಿ ಮಗುವಿನ ಕೊರಳಲ್ಲಿ ಸೀಟಿ. ತಂಡಕ್ಕೊಂದು ಪ್ರಥಮ ಚಿಕಿತ್ಸೆಯ ಚೀಲ. ತಲಾ ಎರಡು ಲೀಟರ್ ನೀರು. ತಂಡ ಒಡೆದರೆ ಸ್ಪರ್ಧೆಯಿಂದ ಹೊರಗೆ. ಗಾಯಗೊಂಡ ಬೇರೆ ತಂಡಕ್ಕೆ ನೆರವಾಗಲು ನಿಂತವರಿಗೆ ನಿಂತಷ್ಟು ಸಮಯವನ್ನು ಮರಳಿ ಕೊಡಲಾಗುವುದು. ನಿಲ್ಲದೆ ಹೋದವರಿಗೆ ಬಹುಮಾನವಿಲ್ಲ.

ಎರಡನೆಯ ಪುಟದಲ್ಲಿ ನಮ್ಮ ಗಡಿನಾಡಿಗೇ ವಿಶೇಷವಾದ ಎರಡು ಸಂಗತಿಗಳಿವೆ. ಒಂದು, ಆಸ್ಪತ್ರೆ. ದೊಡ್ಡ ಗಾಯವೆಂದರೆ ನಾವು ಮಂಗಳೂರಿನತ್ತ ಓಡುವವರು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳನ್ನು ಹೊತ್ತ ವಾಹನಗಳು ಹಿಂದಿರುಗಿದ್ದನ್ನೂ, ದಾರಿ ತೆರೆಸಲು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದುದನ್ನೂ ನಾವು ಮರೆತಿಲ್ಲ. ಆದುದರಿಂದ ಯಾವ ಗಾಯಕ್ಕೆ ಯಾವ ಆಸ್ಪತ್ರೆ, ಯಾವ ದಾರಿ, ಯಾರ ವಾಹನ ಎಂಬುದನ್ನು ಮೊದಲೇ ಬರೆದಿಡಬೇಕು. ಇನ್ನೊಂದು, ಭಾಷೆ. ನಿಯಮಗಳು ಮಕ್ಕಳು ಕಲಿಯುವ ಕನ್ನಡದಲ್ಲೇ ಇರಬೇಕು. ಅರ್ಥವಾಗದ ಎಚ್ಚರಿಕೆ ಎಚ್ಚರಿಕೆಯಲ್ಲ. ಪಂಚಾಯತಿಗೆ, ಪೋಲೀಸ್ ಠಾಣೆಗೆ ಕೊಡುವ ಅರ್ಜಿಯನ್ನೂ ಕನ್ನಡದಲ್ಲೇ ಬರೆದಿದ್ದೇನೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಆ ಅವಕಾಶವನ್ನು ಕೊಟ್ಟಿದೆ. ಆದರೆ 112ಕ್ಕೆ ಕರೆ ಮಾಡಿದಾಗ ಉತ್ತರ ಮಲಯಾಳದಲ್ಲಿ ಬರಬಹುದು. ಹಾಗಾಗಿ ಸ್ಥಳದ ಹೆಸರು, ಗಾಯದ ಬಗೆ, ಎಷ್ಟು ಮಂದಿ ಎಂಬ ಮೂರು ವಾಕ್ಯಗಳನ್ನು ಮಲಯಾಳದಲ್ಲೂ ಪ್ರತಿ ಮಗು ಬಾಯಿಪಾಠ ಮಾಡಿರಬೇಕು. ಹಕ್ಕಿನ ಮಾತು ಬೇರೆ, ಜೀವ ಉಳಿಸುವ ಗಳಿಗೆಯ ಮಾತು ಬೇರೆ.

ಪತ್ರದ ಕೊನೆಯಲ್ಲಿ ಎರಡು ಸಹಿಗಳಿಗೆ ಜಾಗ ಬಿಟ್ಟಿದ್ದೇನೆ. ಮೊದಲ ಸಹಿ ಶಾಲೆಯದು: ಮೇಲೆ ಹೇಳಿದ್ದನ್ನೆಲ್ಲ ಮಾಡಿದ್ದೇವೆ ಎಂದು. ಅದು ಬಿದ್ದ ಮೇಲಷ್ಟೇ ತಂದೆ ಅಥವಾ ತಾಯಿಯ ಸಹಿ: ಇದನ್ನು ಓದಿ, ಮಗುವಿಗೆ ಓದಿ ಹೇಳಿ, ಕಳುಹಿಸುತ್ತಿದ್ದೇವೆ ಎಂದು. ಮುಖ್ಯೋಪಾಧ್ಯಾಯರು ಪತ್ರವನ್ನು ಎರಡು ದಿನ ಇಟ್ಟುಕೊಂಡು, ಹಗ್ಗ, ಸೀಟಿ, ಹೆಲ್ಮೆಟ್‌ಗಳ ಲೆಕ್ಕ ಹಾಕಿ, ಸಹಿ ಮಾಡಿದರು. ಆಮೇಲೆ ನಾನೂ ಮಾಡಿದೆ. ಕೈ ತುಸು ತಡೆಯಿತೆಂಬುದನ್ನು ಮರೆಮಾಚಲಾರೆ. ಮಗಳು ಬಾಗಿಲ ಬಳಿ ನಿಂತು ಸೀಟಿಯನ್ನು ಆರು ಬಾರಿ ಊದಿದಳು. ಅಡುಗೆಮನೆಯಿಂದ ಅವಳ ತಾಯಿ ಪಾತ್ರೆಯನ್ನು ಮೂರು ಬಾರಿ ಬಡಿದಳು.

ಡಿಸೆಂಬರ್‌ನ ಆ ಬೆಳಿಗ್ಗೆ ನಾನು ಪೊಸಡಿಗುಂಪೆಯ ಎಡಗವಲಿನಲ್ಲಿ, ಕೋರೆಯ ಹಗ್ಗದ ಬಳಿ ನಿಂತಿರುತ್ತೇನೆ. ಇನ್ನೂ ಐದು ಕವಲುಗಳಿಗೆ ಹಿರಿಯರು ಬೇಕಾಗಿದ್ದಾರೆ. ಮೋಟಾರು ಬೈಕುಳ್ಳವರು, ಗಾಯ ಕಟ್ಟಲು ಬಲ್ಲವರು, ಊರಿನ ಒಳದಾರಿಗಳನ್ನು ಅರಿತವರು ತಮ್ಮ ಮಕ್ಕಳ ಶಾಲೆಯಲ್ಲಿ ಹೆಸರು ಕೊಟ್ಟರೆ ಉಪಕಾರವಾದೀತು.